ನಾಲ್ಕು ಸೊನ್ನೆ

ಹೂಮಳೆಯ ಮೊದಲ ಸಿಡಿಲು
ನಾಪೋಕ್ಲಿನ ಸಹಕಾರ ಸಂಘದ ಹಿಂದಿನ ಕಂಬಕ್ಕೆ ಬಡಿದು
ತಂತಿ ಹಿಡಿದು ಒಳಗೆ ಬಂತು.
ಗೊಬ್ಬರದ ಲೆಕ್ಕದ ಕಂಪ್ಯೂಟರೂ ಸಾಲದ ಲೆಕ್ಕದ ಕಂಪ್ಯೂಟರೂ
ಒಂದರ ಗುರುತು ಒಂದಕ್ಕಿಲ್ಲದೆ ಕೂತವು.
ಕಾರ್ಯದರ್ಶಿ ಉತ್ತಯ್ಯನವರ ಫೋನು:
“ಫ್ಯಾನು ತಿರುಗ್ತಿದೆ, ದೀಪ ಉರೀತಿದೆ ಬೊಳ್ಳವ್ವ, ಮಾತೇ ಇಲ್ಲ.”

ಹಬ್ಬಿನ ಮುಚ್ಚಳ ಬಿಚ್ಚಿದರೆ ಒಣಗಿದ ಒಂದು ಹಲ್ಲಿ.
ಅದರ ಬಾಲದ ತುದಿಗೆ, ಕಿರುಬೆರಳಿನ ಉಗುರಷ್ಟು ಚಿಪ್ಪು,
ಮೇಲೆ ಸಾಸಿವೆ ಸಿಡಿದಂಥ ತೂತು.
ಇಪ್ಪತ್ತು ಮಳೆಗಾಲ ಮಾತು ಹೆಣೆದದ್ದೂ
ಬಿಡಿಸಿದ್ದೂ ಇದೇ.

ವಿರಾಜಪೇಟೆಯಲ್ಲಿ, ಬೇಕರಿಯ ಮೇಲಿನ ನನ್ನ ಕೋಣೆಯಲ್ಲಿ
ಇಂಥದೇ ಇನ್ನೊಂದಕ್ಕೆ ಹಿಂದೊಮ್ಮೆ
ಸೆಕೆಂಡ್‌ಹ್ಯಾಂಡ್ ಆಸಿಲೋಸ್ಕೋಪು ಕಚ್ಚಿಸಿ ನೋಡಿದ್ದೆ.
ಹಸಿರು ಗೆರೆ. ಏರಿದರೆ ಒಂದು.
ಇಳಿದರೆ ಸೊನ್ನೆ.
ಸೊನ್ನೆಯೆಂದರೆ ಸುಮ್ಮನಿರುವುದು ಅಂದುಕೊಂಡಿದ್ದೆ ಅಲ್ಲಿಯವರೆಗೆ.
ಸೊನ್ನೆಗೂ ತನ್ನ ಪಾಲಿನ ಹೊತ್ತಿನ ನಟ್ಟನಡುವೆ
ಒಂದು ಬೀಳು ಇದೆ, ಕಣ್ಣಿಗೆ ಕಾಣುವಷ್ಟು ಕಡಿದಾಗಿ.
ಆಚೆ ತುದಿಯಲ್ಲಿ ಕಿವಿಗೊಟ್ಟು ಕೂತವನು
ಒಂದೊಂದು ಹೊರಳಿಗೂ ತನ್ನ ಗಡಿಯಾರ ತಿದ್ದಿಕೊಳ್ಳುತ್ತಾನೆ.
ಹೊರಳೇ ಇಲ್ಲದಿದ್ದರೆ, ಕಳೆದದ್ದು ಹತ್ತು ಸೊನ್ನೆಯೋ ಹನ್ನೊಂದೋ,
ತಂತಿಯೇ ಕಡಿದಿದೆಯೋ,
ಅವನಿಗೆ ಯಾರು ಹೇಳಬೇಕು?

ನಮ್ಮ ಒಕ್ಕದಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಯಾರಾದರೂ ಸತ್ತರೆ ಎರಡು, ಬೆನ್ನಬೆನ್ನಿಗೆ.
ನಾನು ಹುಟ್ಟಿದ ಇರುಳು
ಅಜ್ಜ ತೋಕ್ ತುಂಬಿಸಿ ಕಯ್ಯಾಲೆಯಲ್ಲಿ ಕೂತಿದ್ದರಂತೆ.
ಸೂಲಗಿತ್ತಿ ಹೊರಗೆ ಬಂದು ಕೈತೊಳೆದಳು.
ಅಜ್ಜ ಮದ್ದನ್ನು ಬಿಚ್ಚಿ ಡಬ್ಬಿಗೆ ಸುರಿದರು,
ಒಂದು ಕಾಳೂ ಚೆಲ್ಲದೆ.
ಎದುರು ಗುಡ್ಡದ ಮಾಚಯ್ಯ ಮಾತ್ರ ಎಚ್ಚರವಿದ್ದ:
ಇನ್ನೂ ಹೆರಿಗೆಯಾಗಿಲ್ಲವೋ, ಆಗಿ ಹೆಣ್ಣೋ,
ಮದ್ದೇ ನೆನೆದಿದೆಯೋ?
ನಾಲ್ಕನೆಯ ದಿನ ಸಂತೆಯಲ್ಲಿ,
ಒಣಮೀನು ಕೊಳ್ಳುವಾಗ ಅವನಿಗೆ ನಾನು ಗೊತ್ತಾದೆ.
ಅದಕ್ಕೂ ಮೊದಲು ಚೋಂದಕ್ಕ, ದೇಚಕ್ಕ, ನೀಲಕ್ಕ.
ನಾಲ್ಕು ಸಲ ಅದೇ ಗುಡ್ಡ, ಅದೇ ಸದ್ದಿಲ್ಲದ ಇರುಳು.

ತಂತಿಯಲ್ಲಿ ಸುದ್ದಿ ಹೊರಡುವ ಮುನ್ನ
ಒಂದು ಸೊನ್ನೆ ಒಂದು ಸೊನ್ನೆ ಎಂದು ಹೆಜ್ಜೆ ಹಾಕಿಸುತ್ತಾರೆ,
ಕೇಳುವವನು ತಾಳ ಹಿಡಿಯಲಿ ಅಂತ.
ಕೊನೆಗೆ ಎರಡು ಒಂದು, ಬೆನ್ನಬೆನ್ನಿಗೆ.
ನಮ್ಮ ಕಡೆ ಅದು ಸಾವು.
ಇಲ್ಲಿ, ಇನ್ನು ಕೇಳು ಎಂದರ್ಥ.

ಹಳೆಯ ಚಿಪ್ಪು ಈಗ ಎಲ್ಲೂ ಸಿಗುವುದಿಲ್ಲ.
ಹೊಸ ಸ್ವಿಚ್ಚು ತಂದು ಕೂರಿಸಿದೆ; ಇದರ ರೀತಿಯೇ ಬೇರೆ.
ಇದರ ತಂತಿಯಲ್ಲಿ ಒಂದು ಎಂದರೆ ಹೊರಳು,
ಸೊನ್ನೆ ಮತ್ತೆ ಸುಮ್ಮನೆ.
ಇದೇನು, ಹಿಂದಕ್ಕೆ ಹೋಯಿತಲ್ಲ ಅಂತ ಮೊದಲು ಸಿಟ್ಟು ಬಂದಿತ್ತು.
ಆಮೇಲೆ ಪಟ್ಟಿಯ ಮೊದಲ ಸಾಲು ಓದಿದೆ:
ನಾಲ್ಕು ಸೊನ್ನೆ ಒಟ್ಟಿಗೆ ಬಂದರೆ ಹಾಗೇ ಬಿಡಬೇಡ,
ನಾಲ್ಕಕ್ಕೆ ಐದು ಮಾಡು,
ಒಂದು ಒಂದು ಒಂದು ಒಂದು ಸೊನ್ನೆ.
ಬೇಕರಿಯಿಂದ ಬನ್ನಿನ ವಾಸನೆ ಮೇಲೇರುತ್ತಿತ್ತು.
ನಾನು ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ.
ಚೋಂದಕ್ಕನಿಗೊಂದು, ದೇಚಕ್ಕನಿಗೊಂದು, ನೀಲಕ್ಕನಿಗೊಂದು, ನನಗೊಂದು.
ಕೊನೆಯ ಸೊನ್ನೆ ಮಾಚಯ್ಯ ಉಸಿರೆಳೆದುಕೊಳ್ಳಲಿ ಅಂತಿರಬೇಕು.
ಆಚೆಯ ಚಿಪ್ಪಿನ ಬಳಿಯೂ ಅದೇ ಪಟ್ಟಿ;
ಅದು ಐದನ್ನು ಬಿಡಿಸಿ ಮತ್ತೆ ನಾಲ್ಕು ಸೊನ್ನೆಯನ್ನೇ ಕೊಡುತ್ತದೆ.
ಒಂದೂ ಬದಲಾಗಿರುವುದಿಲ್ಲ.
ಸೊನ್ನೆ ಸೊನ್ನೆಯಾಗಿಯೇ ಮುಟ್ಟಲಿ ಅಂತ ಇಷ್ಟೆಲ್ಲ ಗದ್ದಲ.

ಮೂರೂವರೆಗೆ ಹಸಿರು ದೀಪ ಮಿಣುಕಿತು.
ಗೊಬ್ಬರ ಸಾಲವನ್ನು ಕೂಗಿತು, ಸಾಲ ಓಗೊಟ್ಟಿತು.
“ಏನಾಗಿತ್ತು?” ಅಂದರು ಉತ್ತಯ್ಯನವರು.
“ಸಿಡಿಲು” ಅಂದೆ.
ಬಿಲ್ಲಿನಲ್ಲಿ ಇನ್ನೂರು ಕಡಿಮೆ ಮಾಡಿಸಿಕೊಂಡರು.
ಹಲ್ಲಿಯನ್ನು ಕಾಗದದಲ್ಲಿ ಎತ್ತಿ ಕಿಟಕಿಯಾಚೆ ಹಾಕಿದೆ,
ಅಲ್ಲಿ ಕಾಫಿ ಗಿಡಗಳು ನಿನ್ನೆಯ ಮಳೆಗೆ
ಮೊಗ್ಗು ಬಿಗಿದುಕೊಂಡು, ದಿನ ಎಣಿಸುತ್ತ ನಿಂತಿದ್ದವು.