ದಾಸ್ತಾನು ವಹಿ

ಹಾಲಸ್ವಾಮಿ ಮೇಷ್ಟ್ರು ನಿವೃತ್ತರಾದ ಮಾರನೇ ದಿನ
ಬೀಗದ ಕೈಗೊಂಚಲು ನನಗೆ ಬಂತು.
ಸಹಿ ಹಾಕುವ ಮುನ್ನ ಒಂದೊಂದೇ ಎಣಿಸಬೇಕು, ನಿಯಮ:
ಗ್ಲೋಬು ಒಂದು, ಆಫ್ರಿಕದ ಹತ್ತಿರ ಸೀಳು.
ತಕ್ಕಡಿ ಒಂದು, ಬಟ್ಟು ಇಲ್ಲ.
ಹಾರ್ಮೋನಿಯಂ ಒಂದು, ಇಲಿ ಕಡಿದದ್ದು.
ಕ್ರಮಸಂಖ್ಯೆ ಮೂವತ್ತೇಳು: ನಾಗರಬೆತ್ತ, ಎರಡು.
ಖರೀದಿ ಎಂಬತ್ತಾರನೇ ಇಸವಿ, ಚೌಕಿಪೇಟೆ,
ಜೊತೆಗೆ ಒಂಬತ್ತು ರೂಪಾಯಿ, ರಸೀದಿ ಅಂಟಿಸಿದೆ.

ಬೀರುವಿನ ಹಿಂದೆ ಸಿಕ್ಕವು.
ಯಾರೋ ಎಣ್ಣೆ ಸವರಿ ಸವರಿ
ಹಿಡಿಯುವ ಜಾಗ ತಲೆಬಾಗಿಲ ಹೊಸ್ತಿಲಿನಷ್ಟು ನುಣುಪು.

ವಜಾ ಮಾಡಲು ಒಂದು ಕಲಂ ಇದೆ: ಕಾರಣ.
ಗೆದ್ದಲು ಎಂದು ಬರೆಯಲೆ? ತಿಂದಿಲ್ಲ.
ಮುರಿದಿದೆ ಎಂದು? ಮುರಿದಿಲ್ಲ.
ಮೂವತ್ತೆಂಟು ವರ್ಷ ಯಾವ ಆಡಿಟ್‌ನವನೂ
ಈ ಸಾಲಿನ ಮೇಲೆ ಬೆರಳಿಟ್ಟಿಲ್ಲ.
ಗ್ಲೋಬಿನ ಸೀಳಿಗೆ ಮಾತ್ರ ಎರಡು ಆಕ್ಷೇಪಣೆ.

ಬಿಆರ್‌ಸಿಯಲ್ಲಿ ಎರಡು ದಿನ ತರಬೇತಿ ಆಗಿತ್ತು.
ಪರದೆಯ ಮೇಲೆ ಕಾಯ್ದೆ, ಸಹಾಯವಾಣಿ ನಂಬರು,
ಮಧ್ಯಾಹ್ನ ಪಲಾವು.
ಹಿಂದಿನ ಸಾಲಿನಿಂದ ಕೊಟ್ರೇಶಿ ಮೇಷ್ಟ್ರು ಪಿಸುಗುಟ್ಟಿದರು:
"ನಾವು ಏಟು ತಿಂದೇ ಅಲ್ವೇನ್ರಿ ಮೇಷ್ಟ್ರಾಗಿದ್ದು?"
ಎಲ್ಲರೂ ನಕ್ಕೆವು. ನಾನೂ.
ನಗುವಾಗ ನನ್ನ ಬಲಗೈ ತಾನಾಗೇ
ಎಡ ಅಂಗೈಯನ್ನು ಮುಚ್ಚಿಕೊಂಡಿತ್ತು.
ಆರನೇ ಕ್ಲಾಸು, ಭಾಗಾಕಾರ, ಶೇಷ ಮೂರು.

ಸುತ್ತೋಲೆ ಅಂಟಿಸಿದೆವು. ದೂರುಪೆಟ್ಟಿಗೆ ಬಂತು,
ಹಸಿರು ತಗಡಿನದು.
ಅದರ ಕೈ ಹಾಲಸ್ವಾಮಿಯವರ ಮೇಜಿನ ಖಾನೆಯಲ್ಲಿ,
ಅವರ ಬೆತ್ತ ಬೀರುವಿನ ಹಿಂದೆ.
ವರ್ಷಕ್ಕೆ ಸಿಕ್ಕಿದ್ದು ಚಾಕಲೇಟು ಕಾಗದ, ಹಲ್ಲಿಮೊಟ್ಟೆ.
ವರದಿಯಲ್ಲಿ ಬರೆದೆವು: ದೂರುಗಳು ಇಲ್ಲ.

ಇನ್ನು ಜಬೀವುಲ್ಲಾ.
ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನವನು.
ನಸುಕಿನ ಮೂರಕ್ಕೆ ಎದ್ದು, ಕಾದ ಮರಳಿನ ಪಕ್ಕ
ಅಪ್ಪನಿಗೆ ಜರಡಿ ಹಿಡಿದು
ಮೊದಲ ಪೀರಿಯಡ್ಡಿಗೇ ತೂಕಡಿಸುತ್ತಿದ್ದ.
ನಾನು ಬೆತ್ತ ಮುಟ್ಟಿದವಳಲ್ಲ,
ಹಾಗಂತ ಹೇಳಿಕೊಂಡು ತಿರುಗುತ್ತಿದ್ದವಳು.
ಅವತ್ತು ಬರಿಗೈಯೇ ಹೋಯಿತು, ಕಿವಿಯ ಮೇಲೆ.
ಅವನ ಕೂದಲಿನಿಂದ ಒಂದು ಮಂಡಕ್ಕಿ ಕಾಳು
ಉದುರಿ ಪುಸ್ತಕದ ಮೇಲೆ ಬಿತ್ತು.

ಮಾರನೇ ದಿನ ತಾಯಿ ಬಂದಳು, ಮಸಿ ಮೆತ್ತಿದ ಕೈ.
ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ.
"ಚರ್ಮ ನಿಮ್ದು ಮಿಸ್, ಮೂಳೆ ನಮ್ದು,
ಇನ್ನೂ ನಾಲ್ಕು ಬಿಡ್ರಿ" ಅಂದು
ಸೇರು ಮಂಡಕ್ಕಿ ಮೇಜಿನ ಮೇಲಿಟ್ಟು ಹೋದಳು.
ತಿನ್ನಲಾಗಲಿಲ್ಲ. ಚೆಲ್ಲಲಾಗಲಿಲ್ಲ.
ಚರ್ಮ ನನ್ನದಂತೆ!
ಯಾವ ವಹಿಯಲ್ಲಿ ಜಮಾ ಮಾಡಿಕೊಳ್ಳಲಿ?

ಅಂದಿನಿಂದ ನಾನು ಫ್ಯಾನಿನ ಸ್ವಿಚ್ಚಿಗೆ ಕೈ ಎತ್ತಿದರೂ
ಅವನ ಕತ್ತು ಹೆಗಲೊಳಗೆ ಇಳಿಯುತ್ತದೆ.
ಪಕ್ಕದ ಬೆಂಚಿನ ಚಂದ್ರಕಲಾಳದೂ.
ಅವಳಿಗೆ ನಾನು ಹೊಡೆದೇ ಇಲ್ಲ.

ಬೆತ್ತ ವಜಾ ಆಯಿತು.
ಕಾರಣದ ಕಲಂ ಖಾಲಿ, ಕೆಳಗೆ ಐದು ಸಹಿ, ಒಂದು ಹೆಬ್ಬೆಟ್ಟು.
ಹೆಬ್ಬೆಟ್ಟು ಬಿಸಿಯೂಟದ ಕರಿಬಸಮ್ಮನದು.
ಬೆತ್ತ ಒಲೆಗಿಟ್ಟು "ಬರೀ ಹೊಗೆ ಕಣ್ರಿ" ಎಂದು ಬೈದಳು.
ಪೆಟ್ಟಿಗೆಯ ಕೈ ಈಗ ಅವಳ ಸೆರಗಿನ ಗಂಟಿನಲ್ಲಿ.
ಓದಲು ಬಾರದವಳ ಹತ್ತಿರ ಮಕ್ಕಳು ಬರೆದು ಕೊಡುತ್ತವೆ.
ಮೊದಲ ವಾರ ಮೂರು ಚೀಟಿ.
ಒಂದರಲ್ಲಿ ನಾನಿದ್ದೆ.

ಜಬೀವುಲ್ಲಾ ಮೊದಲ ಪೀರಿಯಡ್ಡು ಕೊನೇ ಬೆಂಚಲ್ಲಿ ಮಲಗುತ್ತಾನೆ.
ಅದಕ್ಕೆ ಯಾವ ಸುತ್ತೋಲೆಯಲ್ಲೂ ಜಾಗವಿಲ್ಲ.
ಭಟ್ಟಿಗೆ ಹೋಗಿ ಅವನಪ್ಪನ ಜೊತೆ ಮಾತಾಡಿ ಬಂದೆ,
ಇನ್ನೊಮ್ಮೆ ಹೋಗಬೇಕು.

ಕೈಗೆ ಕ್ರಮಸಂಖ್ಯೆ ಇಲ್ಲ, ವಜಾ ಮಾಡಲು ಬರುವುದಿಲ್ಲ.
ಅದಕ್ಕೇ ಎತ್ತುವ ಮುಂಚೆ ಹೇಳುತ್ತೇನೆ:
"ಬೋರ್ಡು ಒರೆಸ್ತೀನಿ."
"ಕಿಟಕಿ ಹಾಕ್ತೀನಿ."
"ಜಡೆ ಸರಿಮಾಡ್ಕೊತೀನಿ ಕಣ್ರೋ."
ನಗುತ್ತವೆ, ಮಿಸ್‌ಗೆ ಏನೋ ಆಗಿದೆ ಎಂದು.

ನಿನ್ನೆ ಹೇಳಲು ಮರೆತೆ.
ಸೀದಾ ಕೈ ಎತ್ತಿ ಫ್ಯಾನು ಹಾಕಿಬಿಟ್ಟೆ.
ಜಬೀವುಲ್ಲಾ ಒಮ್ಮೆ ಕಣ್ಣು ಮಿಟುಕಿಸಿದ.
ಕತ್ತು ಇದ್ದಲ್ಲೇ ಇತ್ತು.