ಭಾಗಾಕಾರ

ತಿಂಗಳ ಮೂರನೇ ತಾರೀಕು ಮಾಲ್ದಾರೆ ಕಡೆ ನನ್ನ ಪಾಳಿ.
ಗುತ್ತಿಗೆಯವನು ನಾನು; ಬೈಕು ನನ್ನದು, ಪೆಟ್ರೋಲು ನನ್ನದು,
ಬಿಲ್ಲು ಕಕ್ಕುವ ಈ ಪುಟ್ಟ ಯಂತ್ರ ಮಾತ್ರ ಇಲಾಖೆಯದು.

ಮೊದಲು ಬಂಗಲೆ.
ಕೈಲ್‌ಪೊಳ್ದಿಗೊಮ್ಮೆ, ಪುತ್ತರಿಗೊಮ್ಮೆ ಕಿಟಕಿ ತೆರೆಯುತ್ತದೆ,
ಉಳಿದ ದಿನ ಫ್ರಿಜ್ಜು ಒಂಟಿಯಾಗಿ ಗುನುಗುತ್ತದೆ.
ಮೂವತ್ತೊಂದು ಯೂನಿಟ್ಟು.
ಯಂತ್ರ ನಾಲಗೆ ಚಾಚಿತು: ಸೊನ್ನೆ ರೂಪಾಯಿ.
ಕಾವಲಿನವ ಚೀಟಿ ಮಡಿಸಿ ಹೂಕುಂಡದಡಿ ಇಟ್ಟ.
ಅಲ್ಲಿ ಹಳೆಯ ಐದು ಸೊನ್ನೆಗಳು ಒದ್ದೆಯಾಗಿದ್ದವು.

ಆಮೇಲೆ ಪಂಪ್‌ಸೆಟ್ಟು.
ಹೂಮಳೆ ಕೈಕೊಟ್ಟ ವರ್ಷ ಗಿಡಕ್ಕೆ ನೀರುಣಿಸಬೇಕಲ್ಲ,
ಅದಕ್ಕೂ ರಿಯಾಯಿತಿ.
ಕಾಫಿಗಿಡದ ಬಾಯಾರಿಕೆಗೆ ಒಂದು ಆದೇಶ ಉಂಟು,
ನಂಬರು, ತಾರೀಕು, ಮೊಹರು ಸಮೇತ.
ತಪ್ಪು ಅನ್ನಲಾರೆ. ಗಿಡ ಒಣಗಿದರೆ ಕೂಲಿಯೂ ಒಣಗುತ್ತದೆ.

ಕೊನೆಗೆ ಲೈನು.
ಎಂಟು ಬಾಗಿಲು, ಒಂದೇ ಮಾಡು, ಒಂದೇ ಮೀಟರು,
ಅದೂ ತೋಟದ ಹೆಸರಲ್ಲಿ.
ಮನೆಗೆರಡು ಬಲ್ಬು, ಎಲ್ಲ ಸೇರಿ ಮೂರು ಟೀವಿ,
ಬಾಗಿಲಿಂದ ಬಾಗಿಲಿಗೆ ನಡೆಯುವ ಒಂದು ಮಿಕ್ಸಿ.
ಮುನ್ನೂರ ಮೂವತ್ತಾರು ಯೂನಿಟ್ಟು.
ಇನ್ನೂರು ದಾಟಿದರೆ ಪೂರ್ತಿ ಕಟ್ಟಬೇಕು.
ಯಂತ್ರಕ್ಕೆ ಮನೆ ಅಂದರೆ ಮೀಟರು,
ಬಾಗಿಲು ಎಣಿಸಲು ಅದಕ್ಕೆ ಯಾರೂ ಕಲಿಸಿಲ್ಲ.
ಎರಡು ಸಾವಿರದ ಮುನ್ನೂರು ಚಿಲ್ಲರೆ;
ಶನಿವಾರದ ಬಟವಾಡೆಯಲ್ಲಿ ರೈಟರು ಮುರಿದುಕೊಳ್ಳುತ್ತಾನೆ.

ಬೊಳ್ಳಚ್ಚಿ ಕರಿಮೆಣಸು ತುಳಿಯುತ್ತಿದ್ದಳು,
ಕಾಲು ನಿಲ್ಲಿಸದೆ ಕೇಳಿದಳು:
ನಮ್ಮ ಹೆಸರಿಗೆ ಬೇರೆ ಮೀಟರು ಕೊಡಬಾರದಾ?
ಹಕ್ಕುಪತ್ರ ಬೇಕು, ಅಂದೆ.
ಮನೆ ತೋಟದ್ದು, ಅಂದಳು.
ಹಾಗಾದರೆ ಧಣಿಯ ಒಪ್ಪಿಗೆ ಪತ್ರ.
ನಕ್ಕಳು.
ಅವಳಮ್ಮನೂ ಅವಳೂ ಅವಳ ಮಗಳೂ ಹುಟ್ಟಿದ ಕೋಣೆ,
ವಿಳಾಸ ಮಾತ್ರ ಇನ್ನೂ ಹುಟ್ಟಿಲ್ಲ.
ಓಟಿನ ಪಟ್ಟಿಯವರು ಬಂದಾಗ ಹಾಗಲ್ಲ,
ಎಂಟು ಬಾಗಿಲೂ ಸರಿಯಾಗಿ ಎಣಿಕೆಯಾಗುತ್ತವೆ,
ಬಾಗಿಲ ಹಿಂದಿನ ಮುದುಕಿಯ ಸಮೇತ.

ಮೆಟ್ಟಿಲ ಮೇಲಿದ್ದ ಮೊಮ್ಮಗಳು, ನಾಲ್ಕನೇ ಕ್ಲಾಸು,
ಬಿಲ್ಲು ಇಸಕೊಂಡು ಅದರ ಬೆನ್ನ ಮೇಲೇ ಲೆಕ್ಕ ಹಾಕಿದಳು.
ಎಂಟ್ನಾಲ್ಕಲೆ ಮೂವತ್ತೆರಡು, ಉಳಿದದ್ದು ಒಂದು,
ಆರನ್ನು ಕೆಳಗಿಳಿಸಿ,
ಎಂಟೆರಡಲೆ ಹದಿನಾರು.
ಒಂದು ಮನೆಗೆ ನಲವತ್ತೆರಡು, ಮಾಮ. ಶೇಷ ಸೊನ್ನೆ.
ಇನ್ನೂರರ ಒಳಗೇ ಅಲ್ವಾ?

ಯಂತ್ರ ತಿರುಗಿಸಿ ನೋಡಿದೆ,
ನನಗೆ ಗೊತ್ತಿಲ್ಲದ ಗುಂಡಿ ಇರಬಹುದೇನೋ ಎಂಬಂತೆ.

ತಪ್ಪಾಯ್ತಾ? ಅಂದಳು.
ಲೆಕ್ಕ ಸರಿ ಇದೆ, ಅಂದೆ.
ಬಿಲ್ಲೂ ಸರಿ ಇದೆ ಅನ್ನಲು ಬಾಯಿ ಬರಲಿಲ್ಲ.
ಇನ್ನೊಂದು ಪ್ರತಿ ಹೊಡೆದು ಕೊಟ್ಟು
ಅವಳ ಲೆಕ್ಕದ್ದನ್ನು ಜೇಬಿಗಿಟ್ಟುಕೊಂಡೆ.
ಸೋಮವಾರದ ಮೀಟಿಂಗಿನಲ್ಲಿ ಸಾಹೇಬರ ಮೇಜಿನ ಮೇಲಿಡಬೇಕು
ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಬಿಲ್ಲಿಲ್ಲ.

ಐದೂವರೆಗೆ ಆನೆ ಇಳಿಯುವ ದಾರಿ, ನಿಲ್ಲುವಂತಿಲ್ಲ.
ಗೇಟು ತೆಗೆಯುತ್ತ ಕಾವಲಿನವ ಕೇಳಿದ,
ಲೈನಿಂದು ಎಷ್ಟು ಬಂತು ಈ ಸಲ?

ನಲವತ್ತೆರಡು, ಅಂದೆ.