ಸೋಮವಾರ, ವಾರದ ರಜೆ

ಕಂದವಾರದ ಹಿತ್ತಿಲಲ್ಲಿ ಆರು ಕಲ್ಲುಕಂಬ,
ಮೇಲೊಂದು ತಂತಿಚಪ್ಪರ.
ಕಂಬ ಮಾವ ನೆಟ್ಟದ್ದು, ಬಳ್ಳಿ ಅತ್ತೆ ಹಬ್ಬಿಸಿದ್ದು,
ಕೆಳಗೆ ಉದುರಿದ್ದೆಲ್ಲ ಇರುವೆಗಳ ಪಾಲು.
ನನಗೆ ಏಣಿ ಹತ್ತುವ ಕೆಲಸ.
ಮನೆ ಅಳಿಯನಿಗೆ ಅದಕ್ಕಿಂತ ಎತ್ತರದ ಜಾಗ
ಯಾರು ಕೊಡುತ್ತಾರೆ ಹೇಳಿ.

ಶಿವರಾತ್ರಿ ಕಳೆದು ಎರಡನೇ ಸೋಮವಾರ,
ಡಿಪೋದಲ್ಲಿ ನನ್ನ ಹೆಸರಿನ ಮುಂದೆ ರಜೆ.
ಐದೂವರೆಗೇ ಬಾಗಿಲು ಬಡಿದರು ಅತ್ತೆ ಅಕ್ಕಯಮ್ಮ:
"ಬಿಸಿಲು ಕುಡಿದ ಹಣ್ಣು ಹಿಚುಕಿದರೆ
ರಸ ಸಂಜೆಗೇ ನೊರೆ ಕಟ್ಟುತ್ತೆ, ಏಳಪ್ಪ."

ಗೊಂಚಲು ಕೀಳಬಾರದು, ಕತ್ತರಿಸಬೇಕು.
ಭುವನಳ ಬ್ಲೌಸ್ ಕತ್ತರಿಗೆ ಇವತ್ತು ಹಿತ್ತಿಲಲ್ಲಿ ಡ್ಯೂಟಿ.
ಅಂಗೈಯಲ್ಲಿ ಬುಡ ಹೊತ್ತು
ತೊಟ್ಟಿಗೆ ಕತ್ತರಿ ತಾಗಿಸಿದರೆ ಸಾಕು,
ತೂಕ ತಟ್ಟನೆ ಕೈಗೆ ಇಳಿಯುತ್ತದೆ,
ಕೊನೆಯ ಸ್ಟಾಪಿನಲ್ಲಿ
ನಿದ್ದೆ ಹೋದ ಮಗುವನ್ನು ಎತ್ತಿ ಕೊಟ್ಟ ಹಾಗೆ.

ಪಿಕಳಾರ ಕುಕ್ಕಿದ್ದು ಬೇರೆ ಬುಟ್ಟಿಗೆ.
"ಯಾವುದು ಸಿಹಿ ಅಂತ ಅದಕ್ಕೇ ಗೊತ್ತು" ಎಂದು
ಅತ್ತೆ ಆ ಬುಟ್ಟಿಯಿಂದಲೇ ತಿನ್ನುತ್ತಾರೆ.
ಹತ್ತು ಗಂಟೆಗೆ ಟೊಮೆಟೊ ಕ್ರೇಟು ಒಂದೂವರೆ.
ನನ್ನ ಲೆಕ್ಕದಲ್ಲಿ ಮೂವತ್ತು ಬಾಟಲಿ.
ಅತ್ತೆ ನಕ್ಕರು, ಲೆಕ್ಕ ತಿದ್ದಲಿಲ್ಲ.

ಆಮೇಲೆ ಬಿಡಿಸುವುದು, ತೊಳೆಯುವುದು, ಮತ್ತೆ ತೊಳೆಯುವುದು.
ಬೂದಿ ಬಳಿದ ನೀಲಿ ದ್ರಾಕ್ಷಿ
ನೀರಲ್ಲಿ ಮುಖ ತೊಳೆದು ಒಂದೊಂದೇ ಕಪ್ಪಾಗುವುದು.
ಡಬರಿಗೆ ಸುರಿದು ಮೊಣಕೈವರೆಗೆ ಅದ್ದಿ ಹಿಚುಕಿದರೆ
ತಿರುಳು ಸಿಪ್ಪೆ ಬಿಟ್ಟು ಜಾರುತ್ತದೆ
ಕಣ್ಣುಗುಡ್ಡೆಯಂತೆ, ಬೆರಳಿಗೆ ಸಿಕ್ಕದೆ.
ಸಣ್ಣ ಉರಿ. ಮನೆ ತುಂಬ ಆ ವಾಸನೆ,
ಅರ್ಧ ಅತ್ತರು, ಅರ್ಧ ಒದ್ದೆ ಗೋಣಿಚೀಲ.

ಸಂಜೆ ಸ್ಟೂಲನ್ನು ತಲೆಕೆಳಗು ಮಾಡಿ
ನಾಲ್ಕೂ ಕಾಲಿಗೆ ಮಾವನ ಪಂಚೆ ಕಟ್ಟಿದರು.
ಮಾವ ಹೋಗಿ ಒಂಬತ್ತು ವರ್ಷ, ಪಂಚೆಗೆ ಒಂಬತ್ತು ಬೆಳೆ.
ಬಿಳಿ ಅನ್ನುವುದು ಅಂಚಿನ ಪಕ್ಕ ಮಾತ್ರ ಉಳಿದಿದೆ.
ಸುರಿದರು. ಕೆಳಗೆ ಪಾತ್ರೆ.
ತೊಟ್ಟು.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೊಟ್ಟು.
"ಹಿಂಡಬೇಡ. ತಾನಾಗಿ ಇಳೀಲಿ. ಬೆಳಗಾಗುತ್ತೆ."

ಹದಿನೆಂಟು ವರ್ಷ
"ಬೇಗ ಇಳೀರಿ, ಬೇಗ ಹತ್ರಿ" ಎಂದ ಬಾಯಿ ನನ್ನದು.
ಎಲ್ಲರೂ ಮಲಗಿದ ಮೇಲೆ
ಪಂಚೆಯ ಹೊಟ್ಟೆ ಹಿಡಿದು ಒಂದು ಸುತ್ತು ತಿರುಚಿದೆ.
ರಸ ಧೋ ಎಂದು ಬಂತು,
ಜೊತೆಗೆ ಪರ್ ಎಂದು ಗೇಣುದ್ದ ಬಟ್ಟೆಯೂ.

ಅತ್ತೆ ಬೈಯಲಿಲ್ಲ. ಅದೇ ಕಷ್ಟ.
ಲೈಟು ಹಾಕಿದರು, ಕತ್ತು ಬಾಗಿಸಿ
ಹರಿದದ್ದನ್ನು ಬೆರಳಲ್ಲಿ ಅಳೆದರು,
ಹರಿದ ಕಡೆಗೊಂದು ಗಂಟು ಬಿಗಿದರು.
ಕೆಸರಾದ ರಸ ಬೇರೆ ಬಾಟಲಿಗೆ ಬಗ್ಗಿಸಿ
"ಇದು ನಿಂದು" ಎಂದರು.

ಬೆಳಿಗ್ಗೆ ಹದಿಮೂರು ಬಾಟಲಿ,
ಬಿಸಿಲಿಗೆ ಹಿಡಿದರೆ ಆ ಕಡೆಯ ಗೋಡೆ ಕೆಂಪಗೆ ಕಾಣುವಷ್ಟು ತಿಳಿ.
ನನ್ನದು ಹದಿನಾಲ್ಕನೆಯದು.
ಒಗೆಯುವ ಕಲ್ಲ ಮೇಲೆ ಭುವನ ಪಂಚೆಗೆ ಸೋಪು ತಿಕ್ಕಿದಳು,
ನೇರಳೆ ಎಲ್ಲ ಹಸಿರಾಯಿತು, ಕೆರೆಯ ಪಾಚಿಯ ಹಸಿರು.
ನಾನು ಹೌಹಾರಿದೆ.
ಅವಳು ನಿಂಬೆಹೋಳು ತಂದು ಹಿಂಡಿದಳು,
ಹನಿ ಬಿದ್ದಲ್ಲೆಲ್ಲ ಕೆಂಪು ತಿರುಗಿ ಬಂತು.
ಅತ್ತೆ ಸೂಜಿಗೆ ದಾರ ಪೋಣಿಸಿಕೊಂಡು
ಜಗಲಿಯ ಬಿಸಿಲಲ್ಲಿ ಕೂತಿದ್ದರು,
ಒಣಗುವುದನ್ನೇ ಕಾಯುತ್ತ.

ಹತ್ತೂಕಾಲರ ಗೌರಿಬಿದನೂರು ಗಾಡಿ.
ಮಂಚೇನಹಳ್ಳಿಗೆ ಸೊನ್ನೆ ರೂಪಾಯಿ ಟಿಕೆಟು ಕೊಟ್ಟರೆ
ಅಜ್ಜಿಯೊಬ್ಬಳು ನನ್ನ ಬೆರಳೇ ನೋಡಿದಳು:
"ಯಾವ ಎಲೆಕ್ಷನ್ನಪ್ಪ?
ನಮ್ಮೂರಿಗೆ ಯಾರೂ ಹೇಳ್ಲೇ ಇಲ್ಲವಲ್ಲ?"

ಸ್ಟ್ಯಾಂಡಿನಲ್ಲಿ ಡ್ರೈವರ್ ಗಂಗರಾಜು
ನನ್ನ ಬಾಟಲಿ ಎತ್ತಿ ಕುಡಿದ, ಮುಖ ಕಿವುಚಿದ,
ಮತ್ತೆ ಎತ್ತಿದ.
"ಯಾರು ಮಾರಾಯ ಹಿಂಡಿದ್ದು ಇದನ್ನ?"

ನಾನು ವಿಷಲ್ ಹೊಡೆದೆ.